ಎಡಗಡೆಯ ಚೈನು

ಜನವರಿ 4

ಸೊಸೆಗೆ,

ನಿಮ್ಮಿಬ್ಬರಿಗೂ ಸೇರಿಸಿ ಬರೆದ ಪತ್ರಗಳು ಬೇರೆ. ನಿನಗೊಬ್ಬಳಿಗೇ ಎಂದು ಬರೆಯುತ್ತಿರುವುದು ಮದುವೆಯಾದ ಈ ಮೂರು ವರ್ಷದಲ್ಲಿ ಇದೇ ಮೊದಲು. ನಿನ್ನ ಗಂಡನ ಕೈಗೆ ಸಿಗಬಾರದೆಂದು ನೀನು ಕೆಲಸ ಮಾಡುವ ದೋಣಿ ಕಾರ್ಖಾನೆಯ ವಿಳಾಸಕ್ಕೆ ಹಾಕಿದ್ದೇನೆ. ಇಪ್ಪತ್ತೆಂಟು ವರ್ಷ ಮನೆಮನೆಗೆ ಅಂಚೆ ಹಂಚಿದವಳು ನಾನು. ಯಾವ ಪತ್ರ ಯಾರ ಕೈಗೆ ಸಿಗಬಾರದು ಎಂಬುದು ನನಗೆ ಚೆನ್ನಾಗಿ ಗೊತ್ತು.

ಹೋದ ವಾರ ಅವನು ಇಲ್ಲಿಗೆ ಬಂದಿದ್ದಾಗ ನಮ್ಮಿಬ್ಬರಿಗೂ ಜಟಾಪಟಿಯಾಯಿತು. "ಅಮ್ಮಾ, ಈ ಕಾಲಿಟ್ಕೊಂಡು ದಿನಾ ಇಪ್ಪತ್ತೆರಡು ಮೆಟ್ಟಿಲು ಹತ್ತಿಳಿಯೋದು ಸಾಕು. ನಮ್ಮನೇಲಿ ಕೋಣೆ ರೆಡಿ ಮಾಡಿದೀವಿ. ಬಂದು ಆರಾಮಾಗಿ ಕೂತ್ಕೋ" ಎಂದ. ಆ 'ಕೂತ್ಕೋ' ಎಂಬ ಮಾತಿಗೆ ನನಗೆ ಮೈಯೆಲ್ಲ ಉರಿಯಿತು. "ಮೇ ಒಂದರೊಳಗೆ ನನ್ನ ಮನೆ ಬಾಗಿಲಿಂದ ನಿನ್ನ ಮನೆ ಬಾಗಿಲಿಗೆ ಸೈಕಲ್ ಮೇಲೆ ಬರ್ತೀನಿ. ಬಂದರೆ ನಾನು ನನ್ನ ಮನೇಲೇ ಇರ್ತೀನಿ, ಈ ಮಾತು ಮತ್ತೆ ಎತ್ತಬಾರದು. ಬರದಿದ್ದರೆ ನೀನು ಹೇಳಿದ ಕೋಣೇಲಿ ಕೂತ್ಕೋತೀನಿ" ಎಂದುಬಿಟ್ಟೆ. ಅವನು ನಕ್ಕು ಒಪ್ಪಿಕೊಂಡ. ಒಂದು ಮಾರು ದೂರವೂ ಬೇರೆ ಗಾಡಿ ಹತ್ತುವಂತಿಲ್ಲ ಎಂದು ತಾನೇ ಷರತ್ತು ಸೇರಿಸಿದ.

ಮುನ್ನೂರ ಹತ್ತು ಕಿಲೋಮೀಟರು. ಮಧ್ಯೆ ಒಂದು ಬೆಟ್ಟ. ಆಪರೇಷನ್ ಆದಮೇಲೆ ಈ ಮೊಣಕಾಲು ಅರ್ಧಕ್ಕಿಂತ ಹೆಚ್ಚು ಮಡಚುವುದಿಲ್ಲ. ಮಾಮೂಲಿ ಸೈಕಲ್ಲಿನಲ್ಲಿ ತುಳಿಯುವುದು ಬಿಟ್ಟ ಕೂಡಲೇ ಪೆಡಲು ನಿಲ್ಲುತ್ತದೆ. ಒಮ್ಮೆ ನಿಂತರೆ ನನ್ನ ಕಾಲು ಮತ್ತೆ ಮೇಲೇಳುವುದಿಲ್ಲ. ಆದರೆ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವಾಕೆ ನಿಂತಲ್ಲೇ ನಿಲ್ಲುವ ಒಂದು ಸೈಕಲ್ಲಿನ ಮೇಲೆ ಕೂರಿಸಿದ್ದಳು. ಅದರ ಪೆಡಲು ತಾನಾಗಿಯೇ ತಿರುಗುತ್ತಲೇ ಇರುತ್ತದೆ, ಜೊತೆಗೆ ಕಾಲನ್ನೂ ತಿರುಗಿಸುತ್ತದೆ. ಅದರ ಮೇಲೆ ಮಾತ್ರ ನನಗೆ ನೋವಾಗಲಿಲ್ಲ. ಹಾಗೆ ನಿಲ್ಲದೆ ತಿರುಗುವ ಪೆಡಲಿನ ಸೈಕಲ್ಲು ನಿನ್ನಿಂದ ಮಾಡಲಾಗುತ್ತದೆಯೇ? ಆಗದಿದ್ದರೆ ಸಂಕೋಚವಿಲ್ಲದೆ ಹೇಳು.

ಅತ್ತೆ

*

ಜನವರಿ 17

ಅತ್ತೆಯವರಿಗೆ ನಮಸ್ಕಾರ.

ಕಾರ್ಖಾನೆಯ ಗೇಟಿನಲ್ಲಿ ಲಕೋಟೆಯ ಮೇಲೆ ನಿಮ್ಮ ಅಕ್ಷರ ನೋಡಿದೆ. ಏನು ತಪ್ಪು ಮಾಡಿದೆನೋ ಎಂದುಕೊಂಡು ಮಧ್ಯಾಹ್ನದವರೆಗೂ ಒಡೆಯಲೇ ಇಲ್ಲ.

ಆಗುತ್ತದೆ. ಇಂಥದ್ದಕ್ಕೆ ಫಿಕ್ಸೆಡ್ ಗೇರ್ ಎನ್ನುತ್ತಾರೆ, ಪಂದ್ಯದವರು ಓಡಿಸುತ್ತಾರೆ. ಹಿಂದಿನ ಚಕ್ರಕ್ಕೂ ಪೆಡಲಿಗೂ ಬಿಡುವೇ ಇರುವುದಿಲ್ಲ. ಚಕ್ರ ತಿರುಗುವಷ್ಟು ಹೊತ್ತು ಪೆಡಲೂ ತಿರುಗುತ್ತದೆ. ಏರಿನಲ್ಲಿ ಅದು ನಿಮಗೆ ನೆರವಾಗುತ್ತದೆ. ಇಳಿಜಾರಿನಲ್ಲಿ ಮಾತ್ರ ಕಷ್ಟ, ಕಾಲು ಬೇಡವೆಂದರೂ ಬಿಡುವುದಿಲ್ಲ. ಮುಂದಿನ ಚಕ್ರಕ್ಕೆ ಒಳ್ಳೆಯ ಬ್ರೇಕ್ ಹಾಕುತ್ತೇನೆ. ಕೆಟ್ಟ ಕಾಲಿನ ಕಡೆ ಪೆಡಲಿನ ತೋಳನ್ನು ಗಿಡ್ಡ ಮಾಡಿದರೆ ಆ ಮೊಣಕಾಲು ಹೆಚ್ಚು ಮಡಚಬೇಕಾಗಿಲ್ಲ. ಹೀಗೆ ಒಂದು ತೋಳು ಉದ್ದ, ಒಂದು ತೋಳು ಗಿಡ್ಡ ಇರುವ ಸೈಕಲ್ಲನ್ನು ನಾನೆಲ್ಲೂ ನೋಡಿಲ್ಲ. ಆದರೂ ಮಾಡುತ್ತೇನೆ.

ಕಾಲಿನ ಅಳತೆ ಕಳುಹಿಸಿ. ಇವರಿಗೆ ಹೇಳುವುದಿಲ್ಲ.

ನಿಮ್ಮ ಸೊಸೆ

*

ಜನವರಿ 25

ಸೊಸೆಗೆ,

ಅಳತೆ ಹಿಂದಿನ ಪುಟದಲ್ಲಿದೆ. ಬಟ್ಟೆ ಹೊಲಿಯುವಾಕೆಯ ಟೇಪು ತಂದು ಮೂರು ಸಲ ಅಳೆದಿದ್ದೇನೆ. ಕೆಟ್ಟ ಕಾಲು ಯಾವುದೆಂದು ನಿನಗೆ ಬರೆಯಬೇಕಾಗಿಲ್ಲ. ಆಪರೇಷನ್ ಆದಮೇಲೆ ನಾಲ್ಕು ಸಲ ಬಂದು ನನ್ನ ಮೇಜಿನಲ್ಲಿ ಊಟ ಮಾಡಿದ್ದೀಯ. ಆ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡೇ ಕೂತಿರುತ್ತೇನಲ್ಲ.

ಕೆಳಗಿನ ಅಂಗಡಿಯ ಬೀಗದವನಿಗೆ ಮಾತ್ರ ಹೇಳಿದ್ದೇನೆ. ಅವನು ನಗಲಿಲ್ಲ. ಹಾಗಾಗಿ ಅವನು ನಮ್ಮ ಪಾರ್ಟಿ.

ಅತ್ತೆ

*

ಮಾರ್ಚ್ 3

ಅತ್ತೆಯವರಿಗೆ,

ಇವತ್ತು ಪೆಟ್ಟಿಗೆಯನ್ನು ಲಾರಿಗೆ ಹಾಕಿಸಿದೆ. ಚಕ್ರ, ಚೌಕಟ್ಟು, ಹ್ಯಾಂಡಲ್ ಬೇರೆ ಬೇರೆ ಕಟ್ಟಿದ್ದೇನೆ. ನಿಮ್ಮ ಬೀಗದವನು ಜೋಡಿಸಿಯಾನು.

ಚೌಕಟ್ಟು ಮಾಡಿದ್ದು ದೋಣಿಯ ಅಂಚಿಗೆ ಹಾಕುವ ಕಂಬಿಯಿಂದ. ಕತ್ತರಿಸಿ ಉಳಿದ ತುಂಡುಗಳನ್ನು ಮೇಸ್ತ್ರಿಯೇ ಆರಿಸಿ ಕೊಟ್ಟರು. ಐದು ವಾರ ಊಟದ ಬಿಡುವಿನಲ್ಲೆಲ್ಲ ಇದೇ ಕೆಲಸ. ಇಲ್ಲಿ ನನ್ನನ್ನು ಎಲ್ಲರೂ 'ಕಿಡಿ' ಎಂದು ಕರೆಯುತ್ತಾರೆ. ಮೊದಲ ವಾರ "ಏನ್ ಕಿಡಿ, ಅತ್ತೇನ ಅಟ್ಟೋಕೆ ರಥಾನಾ?" ಎಂದು ಗೇಲಿ ಮಾಡಿದರು. ಕೊನೆಯ ವಾರ ಅವರೇ ಪಾಲಿಷ್ ಹಿಡಿದು ಕೂತರು. ನಾನು ಬೆಸೆದ ದೋಣಿಗಳು ನೀರಿಗಿಳಿದ ಮೇಲೆ ಯಾರದೋ ಆಗಿಬಿಡುತ್ತವೆ, ಎಲ್ಲಿಗೆ ಹೋದವೆಂದೂ ತಿಳಿಯುವುದಿಲ್ಲ. ನನಗೆ ಗೊತ್ತಿರುವವರಿಗೆಂದು ಮಾಡಿದ ಮೊದಲ ವಸ್ತು ಇದು. ಕಳುಹಿಸುವಾಗ ಸಂತೋಷಕ್ಕೆ ಕಣ್ಣು ತುಂಬಿತು. ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿ, ಬರೆದಿದ್ದೇನೆ.

ಚೌಕಟ್ಟಿನ ಮುಂದೆ ಪಕ್ಕಕ್ಕೆ ಚಾಚಿಕೊಂಡ ಒಂದು ಚಿಕ್ಕ ಗೂಟ ಬೆಸೆದಿದ್ದೇನೆ. ಅದೇಕೆಂದು ಆಮೇಲೆ ಹೇಳುತ್ತೇನೆ. ಮೊದಲು ಓಡಿಸಲು ಕಲಿಯಿರಿ.

ಸೊಸೆ

*

ಮಾರ್ಚ್ 11

ಕಿಡಿ,

ಈ ಪತ್ರವನ್ನು ನಾನು ಅಂಚೆಗೆ ಹಾಕುವುದಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಯಾರದೊಂದು ಪತ್ರವನ್ನೂ ತಡೆದವಳಲ್ಲ, ಇವತ್ತು ನನ್ನದನ್ನೇ ತಡೆಯುತ್ತಿದ್ದೇನೆ.

ಪೆಟ್ಟಿಗೆ ಬಂತು. ಬೀಗದವನು ಜೋಡಿಸಿ ನಿಲ್ಲಿಸಿದ. ಬೆಸುಗೆಯ ಮೇಲೆ ಬೆರಳಾಡಿಸಿದರೆ ಎಲ್ಲಿಯೂ ತಡೆಯಲಿಲ್ಲ. ಆಮೇಲೆ ನೋಡಿದೆ. ಗಿಡ್ಡ ತೋಳು ಬಲಗಡೆ ಇದೆ. ನನ್ನ ಕೆಟ್ಟ ಕಾಲು ಎಡಗಾಲು.

ನಿನ್ನ ಹತ್ತಿರ ಮುಚ್ಚಿಡುವುದೇಕೆ, ಮೊದಲು ಬಂದದ್ದು ಕೆಟ್ಟ ಯೋಚನೆಯೇ. ಗಂಡ ಹೆಂಡತಿ ಸೇರಿಕೊಂಡು ಬೇಕೆಂದೇ ಹೀಗೆ ಮಾಡಿದ್ದಾರೆ, ನಾನು ಸೋಲಲಿ ಎಂದು. ಮಧ್ಯಾಹ್ನ ಊಟಕ್ಕೆ ಕೂತೆ. ಎದುರಿಗೆ ನೀನು ಕೂರುವ ಕುರ್ಚಿ ಖಾಲಿ ಇತ್ತು. ಎದ್ದು ಹೋಗಿ ಅದರಲ್ಲಿ ಕೂತು ನನ್ನ ಕುರ್ಚಿಯನ್ನೂ ಪಕ್ಕದ ಸ್ಟೂಲನ್ನೂ ನೋಡಿದೆ. ಅಲ್ಲಿಂದ ನೋಡಿದರೆ ನನ್ನ ಎಡಗಾಲು ನಿನ್ನ ಬಲಕ್ಕೆ ಬರುತ್ತದೆ. ನೀನು ನನ್ನನ್ನು ಯಾವಾಗಲೂ ಎದುರಿನಿಂದಲೇ ನೋಡಿದ್ದೀಯ. ಮೂರು ವರ್ಷದಲ್ಲಿ ನಾವಿಬ್ಬರು ಒಂದು ದಿನವೂ ಅಕ್ಕಪಕ್ಕ ಕೂತಿಲ್ಲ.

ಆ ಕುರ್ಚಿಗಳನ್ನು ಹಾಗೆ ಇಟ್ಟವಳು ನಾನೇ. ವೆಲ್ಡಿಂಗ್ ಮಾಡುವ ಹುಡುಗಿ ಎಂದಾಗ ಮೂಗು ಮುರಿದವಳೂ ನಾನೇ. ಹಾಗಿರುವಾಗ ತಪ್ಪು ನಿನ್ನದು ಎನ್ನಲು ನನಗೆ ಬಾಯಿಲ್ಲ.

ಹೇಳಿದರೆ ನೀನು ವಾಪಸು ಕಳುಹಿಸಿ ಎನ್ನುತ್ತೀಯ, ಮೇ ಒಂದು ದಾಟಿಹೋಗುತ್ತದೆ. ಅದೂ ಅಲ್ಲದೆ, ಕಣ್ಣು ತುಂಬಿತೆಂದು ಬರೆದವಳಿಗೆ ಇದನ್ನು ಹೇಗೆ ಹೇಳಲಿ? ಬೀಗದವನು ತಲೆ ಓಡಿಸಿದ್ದಾನೆ. ಎರಡು ತೋಳುಗಳನ್ನೂ ಅದಲುಬದಲು ಮಾಡಿ, ಹಿಂದಿನ ಚಕ್ರವನ್ನು ತಿರುಗಿಸಿ ಹಾಕಿದರೆ ಗಿಡ್ಡ ತೋಳು ಎಡಕ್ಕೆ ಬರುತ್ತದೆ. ಅದರ ಜೊತೆಗೇ ಚೈನೂ ಎಡಕ್ಕೆ ಬರುತ್ತದೆ. ಹಲ್ಲುಚಕ್ರ ಕಳಚದಂತೆ ಪಕ್ಕದ ಗ್ಯಾರೇಜಿನಲ್ಲಿ ಬೆಸೆಸಿ ತಂದಿದ್ದಾನೆ. ಪ್ರಪಂಚದ ಸೈಕಲ್ಲಿಗೆಲ್ಲ ಚೈನು ಬಲಕ್ಕೆ, ನಮ್ಮದಕ್ಕೆ ಎಡಕ್ಕೆ.

ಈ ಪತ್ರವನ್ನು ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ.

ಅತ್ತೆ

*

ಮಾರ್ಚ್ 12

ಸೊಸೆಗೆ,

ಸೈಕಲ್ಲು ತಲುಪಿತು. ಅಳತೆ ಕರಾರುವಾಕ್ಕಾಗಿದೆ. ಆ ಗೂಟ ಬಹಳ ಉಪಯೋಗಕ್ಕೆ ಬಂತು, ನೀರಿನ ಬಾಟಲಿಯ ಚೀಲ ನೇತುಹಾಕಿದ್ದೇನೆ. ಸ್ಟುಡಿಯೋದವನನ್ನು ಕರೆಸಿ ಫೋಟೋ ತೆಗೆಸಿದೆ, ಇದರೊಳಗಿದೆ.

ಅತ್ತೆ

*

ಮಾರ್ಚ್ 29

ಅತ್ತೆ,

ಫೋಟೋವನ್ನು ಕಾರ್ಖಾನೆಯವರೆಲ್ಲ ಕಿತ್ತಾಡಿಕೊಂಡು ನೋಡಿದರು. ನಿಮ್ಮ ಸ್ಟುಡಿಯೋದವನು ಮಾತ್ರ ಅದನ್ನು ತಿರುಗುಮುರುಗಾಗಿ ತೊಳೆದಿದ್ದಾನೆ, ಚೈನು ಎಡಗಡೆ ಕಾಣುತ್ತಿದೆ. ಮುಂದಿನ ಸಲ ಬೈದು ಸರಿಯಾಗಿ ಮಾಡಿಸಿ. ಗೂಟಕ್ಕೆ ಬಾಟಲಿ ಹಾಕಿದ್ದೀರೆಂದು ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಇವರು ಆ ಕೋಣೆಗೆ ಹೊಸ ಪರದೆ ತಂದಿದ್ದಾರೆ. ಅಳೆದು ಹೊಲಿಸಿದವಳು ನಾನು. ಅಂಗಡಿಯಿಂದ ಬರುತ್ತ "ಅಮ್ಮ ಹತ್ತು ಕಿಲೋಮೀಟರ್ ದಾಟಲ್ಲ ಬಿಡು" ಎಂದರು. ನಾನು ಎದ್ದು ಪರದೆ ತೂಗುಹಾಕಿದೆ.

ಸೊಸೆ

*

ಏಪ್ರಿಲ್ 14

ಸೊಸೆಗೆ,

ಸ್ಟುಡಿಯೋದವನಿಗೆ ಕಣ್ಣು ಅಷ್ಟಕ್ಕಷ್ಟೇ. ಬಿಡು ಪಾಪ.

ಮೊದಲ ವಾರ ಆರು ಸಲ ಬಿದ್ದೆ. ನಿಲ್ಲಿಸುವಾಗ ಕಾಲು ನಿಲ್ಲಿಸಿಬಿಡುವ ಹಳೆಯ ಚಾಳಿ, ಇದು ಎತ್ತಿ ಒಗೆಯಿತು. ಎರಡನೆಯ ವಾರ ಒಂದು ಸಲ. ಈಗ ಬೀಳುವುದಿಲ್ಲ. ಬೆಳಿಗ್ಗೆ ಹಳೆಯ ಅಂಚೆಯ ದಾರಿಯನ್ನೆಲ್ಲ ಒಂದು ಸುತ್ತು ಹಾಕಿ ಬರುತ್ತೇನೆ. ಬಾಗಿಲಿಗೆ ಬಂದವರು "ಅಂಚೆಯಮ್ಮಾ, ನಮಗೇನೂ ಇಲ್ವಾ?" ಎಂದು ಕೇಳುತ್ತಾರೆ.

ನಾಳೆ ಹೊರಡುತ್ತೇನೆ. ನನಗೆ ಏರಿನ ಹೆದರಿಕೆಯಿಲ್ಲ. ಬೆಟ್ಟದ ಆಚೆಗಿನ ಹನ್ನೊಂದು ಕಿಲೋಮೀಟರು ಇಳಿಜಾರಿನದೇ ಹೆದರಿಕೆ. ತುಳಿದುಕೊಂಡು ಇಳಿದರೆ ಎರಡೂ ಕಾಲಿಗೆ ಆ ವೇಗ ತಡೆಯಲಾಗುವುದಿಲ್ಲ. ತಳ್ಳಿಕೊಂಡು ಇಳಿಯೋಣವೆಂದರೆ ಈ ಮೊಣಕಾಲಿಗೆ ಇಳಿಜಾರಿನ ನಡಿಗೆಯೇ ಶತ್ರು. ನಿನಗಲ್ಲದೆ ಇನ್ನಾರಿಗೂ ಇದನ್ನು ಹೇಳಿಲ್ಲ. ಪತ್ರ ಬರೆಯುವುದಿದ್ದರೆ ಬೆಟ್ಟದ ಮೇಲಿನ ಊರಿನ ಅಂಚೆ ಕಚೇರಿಗೆ ಬರೆದು, 'ಬಂದು ಕೇಳುವವರೆಗೆ ಇಟ್ಟಿರಿ' ಎಂದು ಮೇಲೆ ಬರಿ. ಇಟ್ಟಿರುತ್ತಾರೆ, ನಮ್ಮವರು.

ಅತ್ತೆ

*

ಏಪ್ರಿಲ್ 17

ಅತ್ತೆ,

ಇಳಿಜಾರಿಗೆಂದೇ ಆ ಗೂಟ. ಬಾಟಲಿಯ ಚೀಲ ತೆಗೆಯಿರಿ. ಕೆಟ್ಟ ಕಾಲನ್ನು ಪೆಡಲಿನಿಂದ ಎತ್ತಿ ಗೂಟದ ಮೇಲಿಡಿ. ಒಳ್ಳೆಯ ಕಾಲು ಪೆಡಲಿನ ಜೊತೆ ತಿರುಗಲಿ, ಬ್ರೇಕನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಬನ್ನಿ. ಆ ಗೂಟ ಎಷ್ಟು ಎತ್ತರಕ್ಕಿರಬೇಕೆಂದು ಲೆಕ್ಕ ಹಾಕುವುದಕ್ಕೇ ನನಗೆ ನಾಲ್ಕು ದಿನ ಹಿಡಿಯಿತು.

ಹೆದರಿಕೆಯಾದರೆ ನಿಂತುಬಿಡಿ. ಆದರೆ ಬನ್ನಿ.

ಕಿಡಿ

*

ಏಪ್ರಿಲ್ 21, ಬೆಟ್ಟದ ಬುಡದಿಂದ

ಕಿಡಿ,

ಇಳಿದೆ.

ಮೇಲಿನ ಊರಿನಲ್ಲಿ ನಿನ್ನ ಪತ್ರ ಕಾಯುತ್ತಿತ್ತು. ಕೌಂಟರಿನಾಕೆ ಕುರ್ಚಿ ಹಾಕಿ ಚಹಾ ಕೊಟ್ಟಳು. ಓದಿ, ಹೊರಗೆ ಬಂದು, ಸೈಕಲ್ಲನ್ನೂ ಗೂಟವನ್ನೂ ನೋಡುತ್ತ ಬಹಳ ಹೊತ್ತು ನಿಂತೆ. ಆಮೇಲೆ ಒಂದು ಕಾಲು ಎತ್ತಿ ಗೂಟದ ಮೇಲಿಟ್ಟು, ಹಾಳಾಗಿ ಹೋಗಲಿ ಎಂದು ಬ್ರೇಕ್ ಸಡಿಲಿಸಿದೆ.

ಕೇಳು. ಮೊದಲ ತಿರುವಿನಲ್ಲಿ ಕಣ್ಣು ಮುಚ್ಚಿಕೊಳ್ಳಬೇಕೆನಿಸಿತು. ಮೂರನೆಯದರಲ್ಲಿ ಉಸಿರು ಬಂತು. ಆಮೇಲೆ ಪೆಡಲು ತನ್ನ ಪಾಡಿಗೆ ತಿರುಗುತ್ತಿತ್ತು, ಆಸ್ಪತ್ರೆಯ ಯಂತ್ರದ ಹಾಗೆಯೇ, ಆದರೆ ಇಲ್ಲಿ ಎದುರಿಗೆ ಗೋಡೆಯ ಬದಲು ಇಡೀ ಕಣಿವೆ ಇತ್ತು. ಹನ್ನೊಂದು ಕಿಲೋಮೀಟರು. ಕೆಳಗೆ ಬಂದು ಇಳಿದಾಗ ನನ್ನ ಮೊಣಕಾಲು ಹೋದ ವರ್ಷಕ್ಕಿಂತ ಎರಡು ಬೆರಳು ಹೆಚ್ಚು ಮಡಚಿತು. ರಸ್ತೆಯ ಬದಿಯಲ್ಲಿ ಕೂತು ಗಟ್ಟಿಯಾಗಿ ನಕ್ಕೆ. ಒಂದು ಲಾರಿಯವನು ನಿಲ್ಲಿಸಿ, "ಏನಾಯ್ತಮ್ಮಾ, ಹತ್ತಿಸ್ಕೊಳ್ಲಾ?" ಎಂದ. "ಹತ್ತಿದ್ರೆ ಮಗ ಗೆಲ್ತಾನಪ್ಪಾ, ನೀನು ಹೋಗು" ಎಂದೆ.

ಸೈಕಲ್ಲಿನದು ಏನೂ ತೊಂದರೆಯಿಲ್ಲ. ಪೆಡಲು ಮಾತ್ರ ಸಡಿಲವಾಗುತ್ತದೆ, ಹತ್ತು ಕಿಲೋಮೀಟರಿಗೊಮ್ಮೆ ಇಳಿದು ಸ್ಪ್ಯಾನರಿನಿಂದ ಬಿಗಿ ಮಾಡುತ್ತೇನೆ. ಅದೇ ನನಗೆ ವಿಶ್ರಾಂತಿ. ಕೊನೆಯ ತಂಗುದಾಣದ ಅಂಚೆ ಕಚೇರಿಯಲ್ಲೂ ನಿನ್ನ ಪತ್ರ ಕೇಳುತ್ತೇನೆ.

ಅತ್ತೆ

*

ಏಪ್ರಿಲ್ 24

ಅತ್ತೆ,

ಇದು ಕೊನೆಯ ತಂಗುದಾಣದ ಅಂಚೆ ಕಚೇರಿಯಲ್ಲಿ ನಿಮಗೆ ಸಿಗಲಿ.

ಪೆಡಲಿನ ತಿರುಪು ತುಳಿದಷ್ಟೂ ಬಿಗಿಯಾಗಲೆಂದು ಎಡಕ್ಕೊಂದು ಬಗೆ, ಬಲಕ್ಕೊಂದು ಬಗೆ ಕೊರೆದಿರುತ್ತಾರೆ. ಅದು ಸಡಿಲವಾಗಬೇಕಾದರೆ ಎರಡೂ ಅದಲುಬದಲಾಗಿರಬೇಕು. ನಿಮ್ಮ ಪತ್ರ ಓದಿ ಫೋಟೋ ತೆಗೆದು ನೋಡಿದೆ. ನಿಮ್ಮ ಹಿಂದೆ ಅಂಗಡಿಯ ಬೋರ್ಡಿದೆ. 'ಬೀಗ ರಿಪೇರಿ' ಎಂದು ಸರಿಯಾಗಿಯೇ ಓದಲು ಬರುತ್ತದೆ. ಫೋಟೋ ತಿರುಗುಮುರುಗಾಗಿಲ್ಲ. ತಿರುಗುಮುರುಗಾದದ್ದು ನಾನು.

ಗೂಟವೂ ನಿಮ್ಮ ಒಳ್ಳೆಯ ಕಾಲಿನ ಕಡೆ, ಬಲಗಡೆಯೇ ಇದೆ. ಹಾಗಾದರೆ ನೀವು ಆ ಬೆಟ್ಟವನ್ನು ಕೆಟ್ಟ ಕಾಲಿನಲ್ಲೇ ಇಳಿದಿರಿ. ಇದು ಹೊಳೆದಾಗ ಕೈಯಲ್ಲಿದ್ದ ಸಲಕರಣೆ ಕೆಳಗಿಟ್ಟು ಕೂತುಬಿಟ್ಟೆ. ಮೇಸ್ತ್ರಿ ಬಂದು ಮನೆಗೆ ಕಳುಹಿಸಿದರು.

ಇನ್ನೊಂದು ಮಾತು ಹೇಳದೆ ಬಚ್ಚಿಟ್ಟಿದ್ದೇನೆ. ಆ ಕೋಣೆ ಇವರ ಯೋಚನೆಯಲ್ಲ, ನನ್ನದು. ಬಣ್ಣ ಹೊಡೆದವಳು ನಾನು. ನಮ್ಮಮ್ಮ ಹೋದಾಗ ನನಗೆ ಒಂಬತ್ತು ವರ್ಷ. ಮೇಜಿಗೆ ಇನ್ನೊಂದು ತಟ್ಟೆ ಇರಲಿ ಎಂಬ ಆಸೆಯಿಂದ ನಾನೇ ಇವರನ್ನು ನಿಮ್ಮ ಹತ್ತಿರ ಅಟ್ಟಿದ್ದೆ. ನಿಮ್ಮ ಮೊದಲ ಪತ್ರ ಬಂದಾಗ ನಾಚಿಕೆಯಾಗಿ ಹೇಳಲಿಲ್ಲ. ಈಗ ನೀವು ಏನು ತಿಳಿಯುತ್ತೀರಿ? ಕೋಣೆ ಅವಳದು, ಸೈಕಲ್ಲೂ ಅವಳದು, ಬೇಕೆಂದೇ ತಪ್ಪು ಮಾಡಿದಳು ಎಂದಲ್ಲವೇ? ಆಣೆ ಮಾಡಿ ಹೇಳಿದರೂ ನೀವು ನಂಬಬೇಕಾಗಿಲ್ಲ. ಆದರೆ ನಾನು ಮಾಡಲಿಲ್ಲ.

ಇವರಿಗೆ ಇದೊಂದೂ ಗೊತ್ತಿಲ್ಲ. ಸುಸ್ತಾಗಿದ್ದರೆ ಹೇಳಿ, ಕಾರ್ಖಾನೆಯ ಗಾಡಿ ತರುತ್ತೇನೆ. ನೀವು ಹೇಳದೆ ತರುವುದಿಲ್ಲ.

ಕಿಡಿ

*

ಏಪ್ರಿಲ್ 27, ಕಾರ್ಡಿನಲ್ಲಿ

ಕಿಡಿ,

ಗಾಡಿ ತಂದರೆ ನಿನ್ನ ಜೊತೆ ಮಾತು ಬಿಡುತ್ತೇನೆ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ. ಈ ಕಾರ್ಡು ನನಗಿಂತ ಮೊದಲು ತಲುಪಿದರೆ ನಮ್ಮ ಇಲಾಖೆ ಸುಧಾರಿಸಿದೆ ಎಂದರ್ಥ.

ಅತ್ತೆ

*

ಮೇ 13

ಅತ್ತೆ,

ಕಾರ್ಡು ನೀವು ಬಂದು ಎರಡು ದಿನವಾದ ಮೇಲೆ ತಲುಪಿದ್ದು ನಿಮಗೆ ಗೊತ್ತೇ ಇದೆ. ಅದನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದ್ದೇನೆ.

ನೀವು ಇಲ್ಲಿದ್ದ ಹನ್ನೆರಡು ದಿನವೂ ಹೇಳಲಾಗದ್ದನ್ನು ಈಗ ಬರೆಯುತ್ತೇನೆ. ಯಾವ ದಿನ ಬರುತ್ತೀರೆಂದು ತಿಳಿಯದೆ ಎರಡು ದಿನದಿಂದ ರಜೆ ಹಾಕಿ ಕಾಯುತ್ತಿದ್ದೆ, ಅವತ್ತೂ ಬೆಳಿಗ್ಗೆಯಿಂದ ಬಾಗಿಲಲ್ಲೇ ಇದ್ದೆ. ರಸ್ತೆಯ ತಿರುವಿನಲ್ಲಿ ನೀವು ಕಂಡಿರಿ, ಬೆನ್ನು ನೆಟ್ಟಗೆ, ಎರಡೂ ಕಾಲು ತಿರುಗುತ್ತ, ಒಂದು ದೊಡ್ಡ ಸುತ್ತು, ಒಂದು ಚಿಕ್ಕ ಸುತ್ತು. ಅಷ್ಟು ಚೆಂದದ್ದನ್ನು ನಾನು ಈ ಜನ್ಮದಲ್ಲಿ ಮಾಡಿರಲಿಲ್ಲ. ನೀವು ಇಳಿದದ್ದೇ ಚೀಲದಿಂದ ಲಕೋಟೆ ತೆಗೆದು, "ಸಹಿ ಮಾಡಮ್ಮಾ, ರಿಜಿಸ್ಟರ್ಡು" ಎಂದಿರಿ. ಬೈಗುಳ ಇದೆಯೆಂದುಕೊಂಡೇ ಒಡೆದೆ. ಮೇಲೆ ಮಾರ್ಚ್ ಹನ್ನೊಂದು ಎಂದಿತ್ತು. ನಾನು ಆಣೆ ಮಾಡಲು ಹೊರಟದ್ದಕ್ಕಿಂತ ಆರು ವಾರ ಮೊದಲೇ ನೀವು ನನ್ನ ಕುರ್ಚಿಯಲ್ಲಿ ಕೂತು ನೋಡಿದ್ದಿರಿ. ಓದಿ ಮುಗಿಸುವಷ್ಟರಲ್ಲಿ ನಾನು ಬೀದಿಯಲ್ಲೇ ಬಿಕ್ಕುತ್ತಿದ್ದೆ, ನಿಮ್ಮ ಮಗ ಬರಿಗಾಲಲ್ಲಿ ಓಡಿಬರುತ್ತಿದ್ದರು.

ಅವರು ಸೈಕಲ್ಲಿನ ಸುತ್ತ ಎರಡು ಸಲ ತಿರುಗಿ, "ಅಮ್ಮಾ, ಚೈನು ಉಲ್ಟಾ ಇದೆಯಲ್ಲಾ?" ಎಂದದ್ದು, ನೀವು "ಚೈನು ಸರಿಯಾಗೇ ಇದೆ, ನೀನು ನಿಂತಿರೋ ಪಕ್ಕ ತಪ್ಪು" ಎಂದದ್ದು ಈಗ ಕಾರ್ಖಾನೆಯಲ್ಲೆಲ್ಲ ಹಬ್ಬಿದೆ. ಯಾರಾದರೂ ಅಡ್ಡ ಮಾತಾಡಿದರೆ ಅದನ್ನೇ ಹೇಳುತ್ತಾರೆ.

ಪೆಡಲಿನ ತಿರುಪನ್ನು ಲೇತ್ ಯಂತ್ರದಲ್ಲಿ ಉಲ್ಟಾ ಕೊರೆದು ಹಾಕಿದ್ದೇನಲ್ಲ, ಇನ್ನು ಸಡಿಲವಾಗುವುದಿಲ್ಲ. ಹಾಗಾಗಿ ನೀವು ಬಿಟ್ಟುಹೋದ ಸ್ಪ್ಯಾನರು ಕೋಣೆಯ ಕಿಟಕಿಯಲ್ಲಿದೆ. ಮೇಜಿನಲ್ಲಿ ನಿಮ್ಮ ಕುರ್ಚಿ ನನ್ನ ಪಕ್ಕದಲ್ಲೇ ಇದೆ, ಸರಿಸಿಲ್ಲ. ನೀವು ಹೊರಟ ದಿನ ಬೇಸರವಾಯಿತು. ಆದರೆ ನೀವು ಸೋತು ಇಲ್ಲೇ ಉಳಿದಿದ್ದರೆ ಇದಕ್ಕಿಂತ ಹೆಚ್ಚು ಬೇಸರವಾಗುತ್ತಿತ್ತು ಎಂದು ಈಗ ತಿಳಿಯುತ್ತಿದೆ.

ಕಂಬಿಯ ತುಂಡುಗಳು ಇನ್ನೂ ಉಳಿದಿವೆ. ನನಗೂ ಒಂದು ಮಾಡಿಕೊಳ್ಳಲೇ ಎಂದು ಯೋಚಿಸುತ್ತಿದ್ದೇನೆ.

ಕಿಡಿ

*

ಮೇ 25

ಕಿಡಿ,

ಸುಖವಾಗಿ ಮನೆ ಸೇರಿದೆ. ಹೋಗುವಾಗ ಇಳಿದ ಬೆಟ್ಟವನ್ನು ಬರುವಾಗ ಹತ್ತಿದೆ, ಮೂರು ಕಡೆ ಮಾತ್ರ ನಿಂತೆ. ಇಪ್ಪತ್ತೆರಡು ಮೆಟ್ಟಿಲು ಹತ್ತಿ ಬಾಗಿಲು ತೆಗೆದಾಗ ನನ್ನ ಮನೆ ನನಗೆ ಅರಮನೆಯಂತೆ ಕಂಡಿತು. ಬೀಗದವನು ಅಂಗಡಿಯ ಮುಂದೆ ಸೈಕಲ್ಲು ನಿಲ್ಲಿಸಿಕೊಂಡು ಬಂದವರಿಗೆಲ್ಲ ತಾನೇ ಓಡಿಸಿಕೊಂಡು ಬಂದವನ ಹಾಗೆ ಕಥೆ ಹೇಳುತ್ತಿದ್ದಾನೆ. ಹೇಳಿಕೊಳ್ಳಲಿ, ಅವನಿಗೂ ಪಾಲಿದೆ.

ಯೋಚಿಸುವುದೇನಿದೆ, ನಿನ್ನದನ್ನೂ ಮಾಡು. ಚೈನು ಯಾವ ಕಡೆ ಬೇಕಾದರೂ ಇರಲಿ. ಊಟದ ಬಿಡುವು ಸಾಲದಿದ್ದರೆ ನನ್ನ ಮಗನಿಗೆ ಅಡಿಗೆ ಮಾಡಲು ಹೇಳು, ಅವನಿಗೆ ಎರಡು ಕೈಯೂ ಸರಿಯಾಗಿಯೇ ಇವೆ.

ನನ್ನ ಕೋಣೆಯ ಪರದೆ ತೆಗೆಯಬೇಡ. ವರ್ಷಕ್ಕೆ ಎರಡು ಸಲ ಬರುತ್ತೇನೆ. ಇಲ್ಲಿಯೂ ಮೇಜಿನ ಒಂದೇ ಪಕ್ಕಕ್ಕೆ ಎರಡು ಕುರ್ಚಿ ಹಾಕಿದ್ದೇನೆ. ಲಕೋಟೆಯಲ್ಲಿ ಗಟ್ಟಿಯಾಗಿ ಸಿಗುವುದು ಬೀಗದ ಕೈ, ನಮ್ಮ ಬೀಗದವನೇ ಕೂತು ಅರ ಹಾಕಿ ಮಾಡಿದ್ದು. ಅದು ನನ್ನ ಮನೆಯದು. ಅಂಚೆಯ ದಾರಿ ಸುತ್ತಲು ಹೋಗಿದ್ದಾಗ ನೀನು ಬಂದರೆ ಬಾಗಿಲಲ್ಲಿ ಕಾಯುವುದು ಬೇಡ, ತೆಗೆದು ಒಳಗೆ ಬಾ.

ಆದರೆ ಸೈಕಲ್ಲಿನ ಮೇಲೇ ಬರಬೇಕು. ಒಂದು ಮಾರು ದೂರವೂ ಬೇರೆ ಗಾಡಿ ಹತ್ತುವಂತಿಲ್ಲ.

ಅತ್ತೆ